ಪಂದಲಿನ ನಡುವೆ ಬಿಟ್ಟ ದಾರಿ

ಕೊರೊನಾ ಗಲಾಟೆಯೆಲ್ಲ ಮುಗಿದು ಎರಡು ವರ್ಷವಾಗಿತ್ತು. ಆಡಿ ತಿಂಗಳು, ಅಂದರೆ ನಮ್ಮ ಕಡೆಯ ಆಷಾಢ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಅದು ಗಾಳಿಯ ತಿಂಗಳು. ಬೆಟ್ಟದ ಸಂದಿಯಿಂದ ನುಗ್ಗುವ ಗಾಳಿ ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಸಂಜೆ ದೀಪ ಹಚ್ಚುವ ಹೊತ್ತಿಗೂ ನಿಲ್ಲುವುದಿಲ್ಲ. ಬಾಗಿಲು ತೆರೆದಿಟ್ಟರೆ ಗೋಡೆಯ ಕ್ಯಾಲೆಂಡರ್ ಹಾರಾಡುತ್ತದೆ, ಅನ್ನದ ತಟ್ಟೆಗೆ ಧೂಳು ಬೀಳುತ್ತದೆ. ಅಂಥ ಒಂದು ಮಧ್ಯಾಹ್ನ ನಮ್ಮ ದ್ರಾಕ್ಷಿ ತೋಟದಲ್ಲಿ ನಡೆದದ್ದನ್ನು ನನ್ನ ತಂಗಿಗೆ ಫೋನಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. "ಅಕ್ಕಾ, ಇದನ್ನ ಬರೆದು ಕಳಿಸು" ಅಂದವಳು ಅವಳೇ.

ನಾನು ಹುಟ್ಟಿ ಬೆಳೆದದ್ದು ಕೊಳ್ಳೇಗಾಲದಲ್ಲಿ. ಅಪ್ಪನಿಗೆ ಮಾರ್ಕೆಟ್ಟಿನಲ್ಲಿ ಹಣ್ಣಿನ ಅಂಗಡಿ ಇತ್ತು. ಕಂಬಂನಿಂದ ದ್ರಾಕ್ಷಿ ಲೋಡಿನ ಜೊತೆ ಬರುತ್ತಿದ್ದ ಈಶ್ವರನ್ ಅಂಗಡಿಯವರ ಹತ್ತಿರ ತಮಿಳಿನಲ್ಲಿ ಮಾತಾಡಿ, ಫೋನಿನಲ್ಲಿ ತನ್ನ ತಾಯಿಯ ಜೊತೆ ಮಾತ್ರ ಕನ್ನಡದಲ್ಲಿ ಮಾತಾಡುವುದನ್ನು ಅಪ್ಪ ಕೇಳಿಸಿಕೊಂಡರಂತೆ. ವಿಚಾರಿಸಿದರೆ, ಅವರ ಜನ ಎಷ್ಟೋ ತಲೆಮಾರಿನ ಹಿಂದೆ ನಮ್ಮ ಕಡೆಯಿಂದ ದಕ್ಷಿಣಕ್ಕೆ ಹೋಗಿ ನೆಲೆಸಿದವರು. ಓದಲು ಬರೆಯಲು ತಮಿಳು, ಮನೆಯೊಳಗೆ ಮಾತ್ರ ಕನ್ನಡ. ಅಪ್ಪನಿಗೆ ಅದೇ ದೊಡ್ಡ ಸಂಬಂಧವಾಗಿ ಕಂಡಿತು. ಆ ಈಶ್ವರನೇ ನನ್ನ ಗಂಡ. ಮದುವೆಯಾಗಿ ಹೋದ ಹೊಸದರಲ್ಲಿ ಅಲ್ಲಿಯ ಮಾತು ಅರ್ಧ ನಮ್ಮಜ್ಜಿಯ ಮಾತಿನಂತೆ, ಅರ್ಧ ಬೇರೆ ಏನೋ ಅನ್ನಿಸುತ್ತಿತ್ತು. ಹೊಲಕ್ಕೆ ಒಲ ಅನ್ನುತ್ತಾರೆ, ಬೇಲಿಗೆ ವೇಲಿ ಅನ್ನುತ್ತಾರೆ, ನಡುನಡುವೆ ತಮಿಳಿಗೆ ಜಾರಿ ಮತ್ತೆ ಕನ್ನಡಕ್ಕೆ ಬರುತ್ತಾರೆ. ಈಗ ನಾನೂ ಹಾಗೇ ಮಾತಾಡುತ್ತೇನೆ ಎಂದು ತಂಗಿ ನಗುತ್ತಾಳೆ.

ನಮ್ಮದು ಒಂದೂವರೆ ಎಕರೆ, ಪನ್ನೀರ್ ಅನ್ನುವ ಕಪ್ಪು ದ್ರಾಕ್ಷಿ. ಪಕ್ಕದ ಎರಡು ಎಕರೆ ಚೆಲ್ಲಯ್ಯ ಮಾಮನದು. ಅವರು ರಕ್ತಸಂಬಂಧಿಯಲ್ಲ, ನೆರೆಯವರು. ಆದರೆ ಇಲ್ಲಿ ನೆರೆಯವರನ್ನೂ ಮಾಮ, ಅತ್ತೆ ಎಂದೇ ಕರೆಯುವುದು. ನನ್ನ ಗಂಡನ ತಾತ, ಮಾಮನ ತಂದೆ ಇಬ್ಬರೂ ಸೇರಿ ಒಂದೇ ಪಂದಲ್ ಕಟ್ಟಿದ್ದರು. ಪಂದಲ್ ಅಂದರೆ ಬಳ್ಳಿ ಹಬ್ಬಿಸುವ ಚಪ್ಪರ. ಕಲ್ಲು ಕಂಬಗಳ ಮೇಲೆ ಅಡ್ಡಡ್ಡ, ಉದ್ದುದ್ದ ತಂತಿ ಬಿಗಿದಿರುತ್ತಾರೆ. ಕೆಳಗೆ ಬಗ್ಗಿ ನಡೆದರೆ ಯಾರ ತೋಟ ಎಲ್ಲಿ ಮುಗಿಯಿತು, ಯಾರದು ಎಲ್ಲಿ ಶುರುವಾಯಿತು ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ. ಗಡಿಯಲ್ಲಿ ಒಂದು ಸಾಲು ಕಂಬ, ಅಷ್ಟೇ.

ಗಂಡನಿಗೆ ಜೀಪ್ ಓಡಿಸುವ ಕೆಲಸ. ಏಲಕ್ಕಿ ಎಸ್ಟೇಟಿನ ಕೂಲಿಯವರನ್ನು ಬೆಳಿಗ್ಗೆ ಬೆಟ್ಟ ಹತ್ತಿಸಿ, ಸಂಜೆ ಇಳಿಸಿಕೊಂಡು ಬರುತ್ತಾರೆ. ತೋಟ ನನ್ನ ಪಾಲಿಗೆ ಬಂತು. ಸುಳ್ಳು ಹೇಳಬಾರದು, ಎಲ್ಲವನ್ನೂ ಕಲಿಸಿದವರು ಚೆಲ್ಲಯ್ಯ ಮಾಮ. ಬಳ್ಳಿಯ ಯಾವ ಕಣ್ಣು ಬಿಟ್ಟು ಎಲ್ಲಿ ಕತ್ತರಿ ಹಾಕಬೇಕು, ಚಿಗುರನ್ನು ಹೇಗೆ ಕಟ್ಟಬೇಕು, ಎಲೆಯ ಬೆನ್ನು ತಿರುಗಿಸಿ ರೋಗ ಹೇಗೆ ನೋಡಬೇಕು, ಎಲ್ಲ ಅವರ ಹಿಂದೆ ತಿರುಗಿ ಕಲಿತದ್ದು. "ತಾಯಿ, ಇಲ್ಲಿ ನೋಡು" ಎಂದು ಕರೆದು ತೋರಿಸುತ್ತಿದ್ದರು. ಅರವತ್ತು ದಾಟಿದ, ಸಣಕಲು ಮೈಯ, ಸದಾ ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡ ಮನುಷ್ಯ.

ಆದರೆ ಹದಿನಾಲ್ಕು ವರ್ಷವಾದರೂ ಅವರ ಕಣ್ಣಿಗೆ ನಾನು ನೆನ್ನೆ ಬಸ್ಸಿಳಿದು ಬಂದ ಹುಡುಗಿಯೇ ಆಗಿದ್ದೆ. ನನ್ನ ಕಡೆಯ ನೀರಿನ ಗೇಟ್‌ವಾಲ್ ತಾವೇ ತಿರುಗಿಸುತ್ತಿದ್ದರು. ನಾನು ಕಟ್ಟಿದ ಬಳ್ಳಿ ಬಿಚ್ಚಿ ಬೇರೆ ಥರ ಕಟ್ಟುತ್ತಿದ್ದರು. ಕೂಲಿ ಹೆಂಗಸರು ನನ್ನನ್ನು ಏನಾದರೂ ಕೇಳಿದರೆ ನಾನು ಬಾಯಿ ತೆರೆಯುವ ಮುಂಚೆ ಮಾಮ ಅಲ್ಲಿಂದಲೇ ಉತ್ತರ ಹೇಳುತ್ತಿದ್ದರು. ಗಂಡನ ಹತ್ತಿರ ಹೇಳಿದರೆ "ಮಾಮ ಒಳ್ಳೇದಕ್ಕೇ ಮಾಡ್ತಾರೆ, ಬಿಡು" ಅನ್ನುತ್ತಿದ್ದರು. ಒಳ್ಳೇದಕ್ಕೇ ಎನ್ನುವುದು ನನಗೂ ಗೊತ್ತಿತ್ತು. ಅದಕ್ಕೇ ಏನೂ ಹೇಳಲಾಗುತ್ತಿರಲಿಲ್ಲ.

ಆ ವರ್ಷ ಬೇಸಿಗೆ ಶುರುವಾಗುವಾಗ ಅಪ್ಪನಿಗೆ ಕಣ್ಣಿನ ಆಪರೇಷನ್ ಆಯಿತು. ಹತ್ತು ದಿನ ಊರಿಗೆ ಹೋಗಿದ್ದೆ. ಹೋಗುವ ಮುಂಚೆ ನನ್ನ ಮನಸ್ಸಿನಲ್ಲಿ ಒಂದು ಯೋಚನೆ ಇತ್ತು. ಈ ಸಲ ಬಳ್ಳಿಗೆ ಕತ್ತರಿ ಹಾಕುವುದನ್ನು ಮೂರು ವಾರ ತಡ ಮಾಡಬೇಕು, ಎಲ್ಲರ ಹಣ್ಣೂ ಒಟ್ಟಿಗೆ ಮಾರ್ಕೆಟ್ಟಿಗೆ ಬರುವಾಗ ನನ್ನದು ಸ್ವಲ್ಪ ಹಿಂದೆ ಬರಲಿ ಎಂದು. ಕುಮಳಿಯ ಒಬ್ಬ ವ್ಯಾಪಾರಿಯ ಹತ್ತಿರ ನಾನೇ ಫೋನಿನಲ್ಲಿ ಮಾತಾಡಿದ್ದೆ. ತೋಟದ ವಿಷಯದಲ್ಲಿ ನಾನೊಬ್ಬಳೇ ಮಾಡಿದ ಮೊದಲ ತೀರ್ಮಾನ ಅದು.

ಊರಿಂದ ವಾಪಸ್ ಬಂದ ಬೆಳಿಗ್ಗೆ ತೋಟಕ್ಕೆ ಹೋದರೆ ನನ್ನ ಪಂದಲ್ ಬೋಳಾಗಿ ನಿಂತಿತ್ತು. ಒಂದು ಬಳ್ಳಿ ಬಿಡದೆ ಕತ್ತರಿ ಹಾಕಿ, ಕಡ್ಡಿಗಳನ್ನು ಆರಿಸಿ ಅಂಚಿನಲ್ಲಿ ರಾಶಿ ಹಾಕಿದ್ದರು. ಮಾಮ ನಗುನಗುತ್ತಾ ಬಂದರು.

"ನಮ್ಮದು ಮುಗೀತು ತಾಯಿ. ಆಳು ಇದ್ರಲ್ಲ, ನಿಂದೂ ಮುಗಿಸಿಬುಟ್ಟೆ. ನೀನು ಬಂದು ಎಲ್ಲಿ ಒದ್ದಾಡ್ತೀಯ?"

ಆ ಆಳುಗಳಿಗೆಲ್ಲ ಅವರ ಹೆಂಡತಿ ನಾಗಮ್ಮತ್ತೆ ಎರಡು ದಿನ ಅಡುಗೆ ಮಾಡಿ ಬಡಿಸಿದ್ದರಂತೆ. ಇಂಥವರ ಮೇಲೆ ಹೇಗೆ ಸಿಟ್ಟು ಮಾಡುವುದು? "ಸರಿ ಮಾಮ" ಎಂದು ಮನೆಗೆ ಬಂದು, ಒಲೆ ಹಚ್ಚದೆ, ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆವತ್ತೇ ನಿರ್ಧಾರ ಮಾಡಿದೆ. ಪಂದಲ್ ಬೇರೆ ಮಾಡಬೇಕು. ನಡುವೆ ಜಾಗ ಬಿಡಬೇಕು. ಅವರದು ಅವರಿಗೆ, ನನ್ನದು ನನಗೆ.

ಎರಡು ದಿನ ಬಿಟ್ಟು ಮಾಮನ ಹತ್ತಿರ ಹೇಳಿದೆ. ಅವರು ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಮುಖ ಚಿಕ್ಕದಾಯಿತು.

"ವೇಲಿ ಯಾಕೆ? ನಾನೇನು ಕಳ್ಳನಾ?"

"ಕಳ್ಳ ಅಂತ ಯಾರು ಹೇಳಿದ್ರು ಮಾಮ? ನನ್ನ ತೋಟದಲ್ಲಿ ಏನು ಮಾಡ್ಬೇಕು ಅಂತ ನಾನು ತೀರ್ಮಾನ ಮಾಡ್ಬೇಕು, ಅಷ್ಟೇ."

"ತಪ್ಪು ಮಾಡಿದ್ರೆ?"

"ತಪ್ಪೂ ನಂದೇ ಆಗ್ಲಿ ಮಾಮ."

"ನಮ್ಮಯ್ಯ, ನಿನ್ನ ಗಂಡನ ತಾತ, ಒಟ್ಟಿಗೆ ಕಲ್ಲು ಒತ್ತು ಕಟ್ಟಿದ ಪಂದಲ್ ಇದು. ಇಷ್ಟು ವರ್ಷ ಒಂದು ಮಾತು ಬಂದಿಲ್ಲ. ನೆರೆಯವರ ನಡುವೆ ವೇಲಿ ಬಂದ್ರೆ ಅವ್ರು ನೆರೆಯವರೇ ಅಲ್ಲ" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಇನ್ನೊಂದು ಮಾತು ಹೇಳಿದರು. "ಕಂಬಿ ಕತ್ತರಿಸಿದ್ರೆ ನನ್ನ ಕಡೆ ಪಂದಲ್ ಕೂತ್ಕೋತದೆ. ನೋಡ್ಕೋ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಬಿ ಅಂದರೆ ತಂತಿ. ಪಂದಲಿನ ಅಂಚಿನ ಕಂಬಗಳನ್ನು ಹೊರಗೆ ಓರೆಯಾಗಿ ನೆಟ್ಟು, ಅವುಗಳ ತಲೆಯಿಂದ ತಂತಿ ಎಳೆದು, ನೆಲದಲ್ಲಿ ಹೂತ ದೊಡ್ಡ ಕಲ್ಲಿಗೆ ಬಿಗಿದಿರುತ್ತಾರೆ. ಆ ಬಿಗಿತದಿಂದಲೇ ಇಡೀ ಚಪ್ಪರ ನಿಲ್ಲುವುದು. ನಡುವಿನ ಕಂಬಗಳು ನೆಟ್ಟಗೆ ನಿಂತು ಭಾರ ಹೊರುತ್ತವೆ, ಎಳೆತ ತಡೆಯುವ ಶಕ್ತಿ ಅವಕ್ಕಿಲ್ಲ. ನಮ್ಮ ಗಡಿಯ ಕಂಬಗಳು ನಡುವಿನ ಕಂಬಗಳು. ಅಲ್ಲಿ ಕತ್ತರಿಸಿದರೆ ಎರಡೂ ಕಡೆ ಹೊಸ ಓರೆ ಕಂಬ ಬೇಕು.

"ನಿಮ್ಮ ಕಡೆಗೂ ಓರೆ ಕಂಬ ನೆಡಿಸೋಣ ಮಾಮ, ಒಂದೇ ಸಲ ಕೆಲಸ ಮುಗೀತದೆ" ಅಂದೆ.

"ವೇಲಿ ಕೇಳಿದ್ದು ನೀನು. ನಾನು ಕೇಳಿಲ್ಲ. ನನ್ನ ಕಡೆ ಒಂದು ಗುಂಡಿ ತೋಡೋಕೂ ಬಿಡಲ್ಲ" ಎಂದು ಎದ್ದು ಹೋದರು.

ನಾನೂ ಹಟಕ್ಕೆ ಬಿದ್ದೆ. ಗಂಡ ಇಬ್ಬರ ನಡುವೆ ಸಿಕ್ಕಿ "ನೀವಿಬ್ರೂ ಏನಾದ್ರೂ ಮಾಡ್ಕೊಳ್ಳಿ" ಎಂದು ಜೀಪ್ ಹತ್ತಿದರು. ನನ್ನ ಕಡೆಯ ಒಂದು ಸಾಲು ಬಳ್ಳಿಯನ್ನೇ ಕೀಳಿಸಿದೆ. ಗಾಡಿ ಹೋಗುವಷ್ಟು ಅಗಲದ ಜಾಗ ಬಿಟ್ಟೆ. ಅದಷ್ಟೂ ನನ್ನ ನೆಲವೇ, ಮಾಮನದು ಒಂದು ಗೇಣೂ ಅಲ್ಲ. ನನ್ನ ಅಂಚಿಗೆ ಓರೆ ಕಂಬ ನೆಡಿಸಿ, ಕಲ್ಲು ಹೂಳಿಸಿ, ಬಿಗಿಸಿ, ಆಮೇಲೆ ನಡುವಿನ ತಂತಿಗಳನ್ನು ಕತ್ತರಿಸಲು ಮೇಸ್ತ್ರಿಗೆ ಹೇಳಿದೆ. ಒಂದೊಂದು ತಂತಿ ತುಂಡಾದಾಗಲೂ ಟಣ್ ಎಂದು ಇಡೀ ಪಂದಲ್ ನಡುಗುತ್ತಿತ್ತು. ನಾಗಮ್ಮತ್ತೆ ಗಡಿಯ ಕಂಬದ ಪಕ್ಕ ನಿಂತು, ಕೆನ್ನೆಗೆ ಕೈ ಇಟ್ಟುಕೊಂಡು ನೋಡುತ್ತಿದ್ದರು. ಮಾಮ ತೋಟಕ್ಕೇ ಬರಲಿಲ್ಲ.

ತುಂಡಾದ ತಂತಿಯ ತುದಿಗಳನ್ನು ಮಾಮನ ಕಡೆಯ ಕಂಬಗಳಿಗೆ ಸುತ್ತಿ, ಕೆಲಸ ಮುಗಿಸಿ, ಮೇಸ್ತ್ರಿ ಕೈ ತೊಳೆಯುತ್ತಾ ಹೇಳಿದ: "ಅಕ್ಕಾ, ಆ ಕಡೆ ಓರೆ ಕಂಬ ಇಲ್ಲದೆ ಹೆಚ್ಚು ದಿನ ನಿಲ್ಲಲ್ಲ. ಹಣ್ಣು ತುಂಬಿದ ಮೇಲೆ ಕಷ್ಟ."

"ಅವರಿಗೆ ಹೇಳಿದೀನಿ, ಅವರು ಬೇಡ ಅಂದ್ರು" ಅಂದೆ. ಹೇಳುವಾಗ ಅದು ಸರಿ ಎಂದೇ ಅನ್ನಿಸಿತ್ತು.

ಹೊಸ ದಾರಿಯಲ್ಲಿ ಮೊದಲ ಸಲ ನೆಟ್ಟಗೆ ನಿಂತು ನಡೆದೆ. ಅಷ್ಟು ವರ್ಷ ಆ ಜಾಗದಲ್ಲಿ ಬಗ್ಗಿಯೇ ಓಡಾಡಿದ್ದೆ. ತಲೆಯ ಮೇಲೆ ಆಕಾಶ, ಕಾಲ ಕೆಳಗೆ ಬಿಸಿಲು. ನನಗೆ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಮಾಮ ಮಾತು ಬಿಟ್ಟರು. ನಾಗಮ್ಮತ್ತೆ ಮಾತ್ರ ಮಾಮ ಇಲ್ಲದಾಗ ದಾರಿಯ ಆ ಕಡೆ ನಿಂತು "ಉಂಡ್ಯಾ ಜಯಾ?" ಎಂದು ಕೇಳಿ ಹೋಗುತ್ತಿದ್ದರು. ಚಿಗುರು ಬಂತು, ಹೂವಾಯಿತು, ಕಾಯಿ ಕಟ್ಟಿತು. ಕಾಯಿ ದಪ್ಪವಾದ ಹಾಗೆ ಮಾಮನ ಕಡೆಯ ಗಡಿ ಕಂಬಗಳು ಒಳಗೆ ವಾಲತೊಡಗಿದವು. ಮೊದಲು ಒಂದು ಬೆರಳು, ಆಮೇಲೆ ಒಂದು ಗೇಣು. ಮಾಮ ಅಲ್ಲಲ್ಲಿ ಸವುಕು, ಅಂದರೆ ನಮ್ಮ ಕಡೆಯ ಸರ್ವೆ ಮರದ ಗಳ ಊರಿ ನಿಲ್ಲಿಸಿದ್ದರು. ದಿನಾ ಆ ದಾರಿಯಲ್ಲಿ ನಡೆಯುವವಳು ನಾನು. ನೋಡಿದೆ. ನೋಡಿಯೂ ಏನೂ ಹೇಳಲಿಲ್ಲ. ಅವರೇ ಬೇಡ ಅಂದಿದ್ದರಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಆಡಿಯ ಆ ದಿನ ಮಾಮನ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದರು. ಐದು ಜನ ಹೆಂಗಸರು, ಜೊತೆಗೆ ನಾಗಮ್ಮತ್ತೆ. ಮಾಮ ಇನ್ನಷ್ಟು ಕ್ರೇಟ್ ತರಲು ಮೊಪೆಡ್ ಹತ್ತಿ ಚಿನ್ನಮನೂರಿಗೆ ಹೋಗಿದ್ದರು. ನನ್ನ ಕೊಯ್ಲು ಎರಡು ದಿನ ಬಿಟ್ಟು ಇತ್ತು. ನಾನು ಪಂಪ್‌ಸೆಟ್ ಹತ್ತಿರ ಇದ್ದೆ. ಗಾಳಿ ಆವತ್ತು ಬೆಳಿಗ್ಗೆಯಿಂದಲೇ ಜೋರು. ಎಲೆಗಳ ಸದ್ದಿನಲ್ಲಿ ಪಕ್ಕದವರು ಮಾತಾಡಿದರೂ ಕೇಳುತ್ತಿರಲಿಲ್ಲ.

ಊಟದ ಹೊತ್ತು ದಾಟಿರಬೇಕು. ಪಟ್ ಎಂದು ಒಂದು ಸದ್ದು. ಆಮೇಲೆ ಇನ್ನೊಂದು. ದಾರಿಗೆ ಓಡಿ ಬಂದು ನೋಡಿದರೆ, ಊರಿದ್ದ ಗಳಗಳಲ್ಲಿ ಎರಡು ಮುರಿದಿದ್ದವು. ಗಡಿಯ ಕಂಬಗಳು ಸಾಲಾಗಿ, ಒಂದರ ಹಿಂದೆ ಒಂದು, ಮಾಮನ ತೋಟದ ಒಳಕ್ಕೆ ಬಾಗುತ್ತಿದ್ದವು. ತಂತಿ ಸಡಿಲವಾಗಿ, ಹಣ್ಣು ತುಂಬಿದ ಪಂದಲ್ ನೀರು ಕುಡಿದ ಕಂಬಳಿಯ ಹಾಗೆ ಕೆಳಕ್ಕೆ ಜೋಲುತ್ತಿತ್ತು. ಒಳಗೆ ಹೆಂಗಸರು ಬಗ್ಗಿ ಕೊಯ್ಯುತ್ತಲೇ ಇದ್ದರು. ಅವರಿಗೆ ಗೊತ್ತೇ ಇಲ್ಲ.

"ಆಚೆ ಓಡಿ! ಆಚೆ ಓಡಿ!" ಎಂದು ಕಿರುಚಿದೆ. ಗಂಟಲು ಕಿತ್ತು ಬರುವ ಹಾಗೆ ಕನ್ನಡದಲ್ಲಿ, ತಮಿಳಿನಲ್ಲಿ, ಬಾಯಿಗೆ ಬಂದದ್ದರಲ್ಲಿ ಕಿರುಚಿದೆ. ಒಬ್ಬಳು ತಲೆಯೆತ್ತಿ ಮೇಲೆ ನೋಡಿದಳು, ಉಳಿದವರನ್ನು ಎಳೆದುಕೊಂಡು ತೋಟದ ಮುಂದಿನ ರಸ್ತೆಗೆ ಓಡಿದಳು. ಎಣಿಸಿದೆ. ಐದು. ನಾಗಮ್ಮತ್ತೆ ಇಲ್ಲ.

ಅತ್ತೆಗೆ ಮಂಡಿನೋವು. ಗಡಿಯಿಂದ ಮೂರು ಸಾಲು ಒಳಗೆ, ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು ಗೊಂಚಲುಗಳಿಂದ ಕೆಟ್ಟ ಹಣ್ಣು ಬಿಡಿಸುತ್ತಿದ್ದರು. ಏಳಲು ನೋಡುತ್ತಿದ್ದಾರೆ, ಆಗುತ್ತಿಲ್ಲ. ಒಂದು ಕಲ್ಲು ಕಂಬ ನನ್ನ ಕಣ್ಣೆದುರೇ ಬುಡದಲ್ಲಿ ತುಂಡಾಗಿ ಮಲಗಿತು. ನನ್ನ ಎದೆಯ ಮಟ್ಟಕ್ಕೆ ತಂತಿಗಳು ಇಳಿದವು. ಆ ಹೊತ್ತಿನಲ್ಲಿ ನಾನೇನೂ ಯೋಚನೆ ಮಾಡಲಿಲ್ಲ. ಮಾಡಿದ್ದರೆ ಒಳಗೆ ಹೋಗುತ್ತಿರಲಿಲ್ಲವೇನೋ. ಮಂಡಿಯೂರಿ ನುಗ್ಗಿದೆ. ಗೊಂಚಲುಗಳು ಮುಖಕ್ಕೆ ಬಡಿದು ಒಡೆಯುತ್ತಿದ್ದವು, ಕಣ್ಣಿಗೆ ರಸ ಇಳಿದು ಉರಿಯುತ್ತಿತ್ತು.

"ಅತ್ತೆ, ಕೈ ಕೊಡಿ!"

"ಈ ಕ್ರೇಟ್ ತುಂಬ್ತು ಜಯಾ, ಇದನ್ನ..."

"ಹಣ್ಣು ಆಮೇಲೆ ಅತ್ತೆ!"

ಅವರ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಅಂಬೆಗಾಲಿನಲ್ಲಿ ಬಂದೆವು. ನನ್ನ ಸೀರೆಯ ಸೆರಗು ಯಾವುದೋ ತಂತಿಗೆ ಸಿಕ್ಕಿ ಹರಿಯಿತು. ಹತ್ತಿರದಲ್ಲಿದ್ದ ಬಯಲು ಅಂದರೆ ಆ ದಾರಿಯೊಂದೇ. ದಾರಿಗೆ ಬಂದು ಬಿದ್ದ ಮೇಲೆ ಹಿಂದೆ ತಿರುಗಿ ನೋಡಿದರೆ, ಅತ್ತೆ ಕೂತಿದ್ದ ಜಾಗದ ಮೇಲೆ ಪಂದಲ್ ನೆಲ ಮುಟ್ಟಿತ್ತು. ಕ್ರೇಟ್ ಕಾಣಲೇ ಇಲ್ಲ.

ಅತ್ತೆ ಆಕಾಶ ನೋಡುತ್ತಾ ಏದುಸಿರು ಬಿಡುತ್ತಿದ್ದರು. ನಾನು ಅವರ ಕೈ ಬಿಟ್ಟಿರಲಿಲ್ಲ.

ಮುಗಿಯಿತು ಎಂದುಕೊಂಡರೆ ಮುಗಿದಿರಲಿಲ್ಲ. ಆರೇಳು ಕಂಬ ಬಿದ್ದಿದ್ದವು, ಉಳಿದವು ಬಾಗುತ್ತಲೇ ಇದ್ದವು. ಹೀಗೇ ಬಿಟ್ಟರೆ ಸಂಜೆಯೊಳಗೆ ಎರಡು ಎಕರೆಯೂ ಮಲಗುತ್ತದೆ. ನನ್ನ ಓರೆ ಕಂಬಗಳು ಮಾತ್ರ ಗಾಳಿಗೆ ಜಗ್ಗದೆ ಗಟ್ಟಿಯಾಗಿ ನಿಂತಿದ್ದವು. ಅವನ್ನು ನೋಡಿದ ತಕ್ಷಣ ಏನು ಮಾಡಬೇಕೆಂದು ಹೊಳೆಯಿತು. ಪಂಪ್‌ಸೆಟ್ ಮನೆಯಲ್ಲಿ ಜೀಪಿನ ಮೇಲೆ ಲೋಡ್ ಕಟ್ಟುವ ದಪ್ಪ ನೈಲಾನ್ ಹಗ್ಗದ ಸುರುಳಿಗಳಿದ್ದವು. ತಂದು, ಏಣಿ ಹಾಕಿ, ಮಾಮನ ಕಡೆಯ ಬಾಗಿದ ಕಂಬದ ತಲೆಗೆ ಒಂದು ತುದಿ ಕಟ್ಟಿ, ದಾರಿಯ ಮೇಲೆ ಅಡ್ಡಲಾಗಿ ಎಳೆದು, ಇನ್ನೊಂದು ತುದಿ ನನ್ನ ಓರೆ ಕಂಬಕ್ಕೆ ಸುತ್ತಿದೆ. ಒಬ್ಬಳಿಂದ ಎಳೆಯಲಾಗಲಿಲ್ಲ. ರಸ್ತೆಯಲ್ಲಿ ನಿಂತಿದ್ದ ಹೆಂಗಸರನ್ನು ಕೂಗಿದೆ. ಇಬ್ಬರು ಹೆದರಿ ಬರಲಿಲ್ಲ, ಮೂವರು ಸುತ್ತಿಕೊಂಡು ಬಂದರು. ಒಂದು ಕಂಬ, ಎರಡು ಕಂಬ. ಅಂಗೈ ಸುಲಿದು ಹೋಯಿತು. ಅಂಚಿನಲ್ಲಿ ಕೂತ ಅತ್ತೆ "ಇನ್ನೊಸಿ ಎಳೀರಿ, ಇನ್ನೊಸಿ" ಎಂದು ಕೂಗುತ್ತಿದ್ದರು.

ಮೂರನೆಯ ಕಂಬಕ್ಕೆ ಹಗ್ಗ ಎಳೆಯುವಾಗ ನನ್ನ ಹಿಂದಿನಿಂದ ಇನ್ನೊಂದು ಜೊತೆ ಕೈ ಹಗ್ಗ ಹಿಡಿಯಿತು. ತಿರುಗಿ ನೋಡಿದರೆ ಮಾಮ. ಮೊಪೆಡ್ ರಸ್ತೆಯಲ್ಲೇ ಬಿದ್ದಿತ್ತು, ತಂದ ಕ್ರೇಟ್‌ಗಳು ಗಾಳಿಗೆ ಉರುಳಾಡುತ್ತಿದ್ದವು. ಅವರು ಹೆಂಡತಿಯ ಕಡೆ ಒಂದು ಸಲ ನೋಡಿದರು. ಅತ್ತೆ ಕೈ ಎತ್ತಿ ಚೆನ್ನಾಗಿದ್ದೇನೆ ಅನ್ನುವ ಹಾಗೆ ಆಡಿಸಿದರು. ಅಷ್ಟೇ. ಆಮೇಲೆ ಎರಡು ಗಂಟೆಗಳ ಕಾಲ "ಇಡ್ಕೋ", "ಬಿಡಬ್ಯಾಡ", "ಕಟ್ಟು" ಎನ್ನುವ ಮೂರು ಮಾತು ಬಿಟ್ಟು ಮಾಮನ ಬಾಯಿಂದ ಏನೂ ಬರಲಿಲ್ಲ. ನಾಲ್ಕು ತಿಂಗಳಲ್ಲಿ ಅವರು ನನ್ನ ಜೊತೆ ಆಡಿದ ಮೊದಲ ಮಾತುಗಳೂ ಅವೇ.

ಗಾಳಿ ಇಳಿಯುವ ಹೊತ್ತಿಗೆ ಪಂದಲ್ ನಿಂತಿತ್ತು. ಬಿದ್ದದ್ದು ಕಾಲು ಭಾಗ. ಮುಕ್ಕಾಲು ಉಳಿಯಿತು. ದಾರಿಯ ಉದ್ದಕ್ಕೂ ತಲೆಯ ಮೇಲೆ ಹಳದಿ ಹಗ್ಗಗಳು ಅಡ್ಡಡ್ಡ ಬಿಗಿದು ನಿಂತಿದ್ದವು. ಕೂಲಿ ಹೆಂಗಸರು ಮನೆಗೆ ಹೋದರು. ನಾವು ಮೂವರೂ ಆ ದಾರಿಯ ಮಣ್ಣಿನ ಮೇಲೇ ಕೂತಿದ್ದೆವು. ಎಲ್ಲೆಲ್ಲೂ ಒಡೆದ ಹಣ್ಣಿನ ವಾಸನೆ.

ಬೈಗುಳ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಬರಲಿಲ್ಲ. ಕೊನೆಗೆ ನಾನೇ ಹೇಳಿದೆ. "ಮಾಮ, ಕಂಬ ವಾಲ್ತಾ ಇದ್ದದ್ದು ನಾನು ನೋಡ್ದೆ. ದಿನಾ ನೋಡ್ದೆ. ನೋಡಿ ಸುಮ್ನಿದ್ದೆ."

ಮಾಮ ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ನಾನೂ ನೋಡ್ದೆ ತಾಯಿ," ಅಂದರು. "ಓರೆ ಕಂಬ ಆಕ್ಬೇಕು ಅಂತ ನನಗೆ ಗೊತ್ತಿಲ್ವಾ? ಆಕಿದ್ರೆ ನೀನು ಮಾಡಿದ್ದು ಸರಿ ಅಂತ ಆಯ್ತದೆ. ಅದಕ್ಕೇ ಆಕಲಿಲ್ಲ."

ನನಗೆ ಅಳು ಬಂತು. "ಬೇಕಾದ್ರೆ ಮತ್ತೆ ಒಂದು ಮಾಡೋಣ ಮಾಮ. ಈ ಹಗ್ಗದ ಜಾಗದಲ್ಲಿ ಕಂಬಿ ಎಳೆದರೆ ಮೊದಲಿನ ಹಾಗೇ ಆಗ್ತದೆ" ಅಂದೆ. ನಿಜವಾಗಿಯೂ ಆ ಕ್ಷಣ ನನಗೆ ಹಾಗೇ ಅನ್ನಿಸಿತ್ತು.

ಉತ್ತರ ಕೊಟ್ಟದ್ದು ಮಾಮ ಅಲ್ಲ, ನಾಗಮ್ಮತ್ತೆ.

"ಬ್ಯಾಡ. ಈ ದಾರಿ ಇರ್ಲಿ. ಇದು ಇಲ್ದೆ ಓಗಿದ್ರೆ ಇವತ್ತು ನಾನು ಎಲ್ಲಿಗೆ ಬರ್ತಿದ್ದೆ?"

"ಇದು ಇಲ್ದೆ ಓಗಿದ್ರೆ ಪಂದಲ್ ಯಾಕೆ ಬೀಳ್ತಿತ್ತು?" ಎಂದರು ಮಾಮ.

"ಪಂದಲ್ ಬಿದ್ದದ್ದು ದಾರಿಯಿಂದ ಅಲ್ಲ, ನಿಮ್ಮ ವೀಂಬಿನಿಂದ." ವೀಂಬು ಅಂದರೆ ಇಲ್ಲಿಯ ಮಾತಿನಲ್ಲಿ ಹಟ. ಅತ್ತೆ ಮಾಮನಿಗೆ ಹಾಗೆ ಎದುರು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವರು ಅಲ್ಲಿಗೂ ನಿಲ್ಲಿಸಲಿಲ್ಲ. "ನಲವತ್ತು ವರ್ಷ ಈ ಪಂದಲ್ ಕೆಳಗೆ ಬೆನ್ನು ಬಗ್ಗಿಸಿದೀನಿ. ಒಂದು ದಿನ, ನಾಗೂ, ಇದನ್ನ ಇವತ್ತು ಕತ್ತರಿಸ್ಲಾ ನಾಳೆ ಕತ್ತರಿಸ್ಲಾ ಅಂತ ಕೇಳಿದ್ದೀರಾ? ಅವಳನ್ನೂ ಕೇಳಲಿಲ್ಲ. ನಾನು ಸುಮ್ನಿದ್ದೆ, ಅವಳು ಸುಮ್ನಿರಲಿಲ್ಲ. ಅಷ್ಟೇ ಅಲ್ವಾ?"

ಮಾಮ ಎದ್ದರು. ಅತ್ತೆಯನ್ನು ಎಬ್ಬಿಸಲು ಕೈ ಕೊಟ್ಟರು. ಇನ್ನೊಂದು ಕಡೆಯಿಂದ ನಾನು ಹಿಡಿದೆ. ಮೂವರೂ ನಿಧಾನವಾಗಿ ರಸ್ತೆಗೆ ನಡೆದೆವು. ಬಗ್ಗಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು, ನನ್ನ ಗಂಡ, ಮಾಮ ಸೇರಿ ಬಿದ್ದ ಪಂದಲಿನ ಕೆಳಗಿನಿಂದ ಆಯ್ದುಕೊಳ್ಳಬಹುದಾದ ಹಣ್ಣನ್ನೆಲ್ಲ ಆಯ್ದೆವು. ಒಡೆದದ್ದನ್ನು ಜ್ಯೂಸ್ ಮಾಡುವವರು ತೆಗೆದುಕೊಂಡು ಹೋದರು. ಗಂಡ ಒಂದು ವಾರ ಬೆಟ್ಟಕ್ಕೆ ಹೋಗಲಿಲ್ಲ. ಹಣ್ಣೆಲ್ಲ ಹೋದ ಮೇಲೆ ಮಾಮನ ತೋಟಕ್ಕೆ ಓರೆ ಕಂಬಗಳು ಬಂದು ಇಳಿದವು. ಆಮೇಲೆ ನಡೆದದ್ದನ್ನು ಹೇಳಲೆಂದೇ ನಾನು ಇಷ್ಟೆಲ್ಲ ಬರೆದದ್ದು.

ಗುಂಡಿ ತೋಡುವ ದಿನ ನಾನು ನನ್ನ ತೋಟದ ಒಳಗೆ ಕಳೆ ಕೀಳುತ್ತಿದ್ದೆ. "ತಾಯಿ" ಎಂದು ಕರೆದದ್ದು ಕೇಳಿತು. ಎದ್ದು ಬಂದೆ. ಮಾಮ ತಮ್ಮ ಗಡಿಯ ಆ ಕಡೆ ನಿಂತಿದ್ದರು. ಕೈಯಲ್ಲಿ ಗಡಾರಿ. ದಾರಿಗೆ ಕಾಲಿಟ್ಟಿರಲಿಲ್ಲ.

"ಕಂಬ ನನ್ನ ಜಾಗದಲ್ಲೇ ನಿಲ್ತದೆ," ಎಂದರು. "ಆದ್ರೆ ಬಿಗಿಯೋ ಕಲ್ಲನ್ನ ಈ ದಾರಿಯಲ್ಲಿ ಊಳಬೇಕು. ದಾರಿ ನಿಂದು. ಊಳಲಾ?"

ಹದಿನಾಲ್ಕು ವರ್ಷದಲ್ಲಿ ಆ ಮನುಷ್ಯ ನನ್ನ ಒಪ್ಪಿಗೆ ಕೇಳಿದ್ದು ಅದೇ ಮೊದಲು. ಕೇಳಲು ಅವರಿಗೆ ಎಷ್ಟು ಕಷ್ಟವಾಗಿತ್ತೆಂದರೆ, ಕೇಳಿ ಮುಗಿಸಿ ಮುಖವನ್ನು ಬೆಟ್ಟದ ಕಡೆ ತಿರುಗಿಸಿಕೊಂಡಿದ್ದರು. ತಲೆಯಾಡಿಸಿದೆ. ಅವರು ನೋಡುತ್ತಿರಲಿಲ್ಲವಲ್ಲ, ಅದಕ್ಕೆ ಗಟ್ಟಿಯಾಗಿ "ಊಳಿ ಮಾಮ" ಅಂದೆ. ಆಮೇಲೆ ನಾನೂ ಒಂದು ಗುದ್ದಲಿ ತಂದೆ.

ಮುಂದಿನ ಬೆಳೆಯಲ್ಲಿ, ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ ಮಳೆ ಹಿಡಿದುಕೊಂಡಾಗ, ನನ್ನ ತೋಟದ ಎಲೆಗಳ ಬೆನ್ನಿಗೆ ಬೆಳ್ಳಗೆ ಮಚ್ಚೆ ಕಾಣಿಸಿತು. ನನಗೆ ತಿಳಿದ ಔಷಧಿ ಹೊಡೆದೆ, ನಿಲ್ಲಲಿಲ್ಲ. ಮಾಮ ದಾರಿಯಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸುಮ್ಮನೆ ನಡೆದು ಹೋಗುತ್ತಿದ್ದರು. ನಡೆಯುತ್ತಾ ನನ್ನ ಎಲೆಗಳನ್ನು ನೋಡುತ್ತಿದ್ದರು. ನಿಲ್ಲುತ್ತಿದ್ದರು, ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡು ಮುಂದೆ ಹೋಗುತ್ತಿದ್ದರು. ಅತ್ತೆ ಆಮೇಲೆ ಹೇಳಿದರು, ಆ ಎರಡು ದಿನ ಮನೆಯಲ್ಲಿ ಸರಿಯಾಗಿ ಊಟವನ್ನೂ ಮಾಡಿರಲಿಲ್ಲವಂತೆ.

ಮೂರನೆಯ ದಿನ ನಾನು ದಾರಿಗೆ ಹೋಗಿ ನಿಂತೆ. "ಮಾಮ, ನನ್ನ ಕೈಯಲ್ಲಿ ಆಗ್ತಾ ಇಲ್ಲ. ಸ್ವಲ್ಪ ಬಂದು ನೋಡ್ತೀರಾ?"

ಅವರು ಅಷ್ಟು ಬೇಗ ನಡೆದು ಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಎಲೆ ತಿರುಗಿಸಿ ನೋಡಿ, ಮೂಸಿ, "ಇದನ್ನ ಮೊನ್ನೆಯೇ..." ಎಂದು ಶುರು ಮಾಡಿ, ಅಲ್ಲಿಗೆ ನಿಲ್ಲಿಸಿ, ನನ್ನ ಮುಖ ನೋಡಿ ನಕ್ಕುಬಿಟ್ಟರು. ನಾನೂ ನಕ್ಕೆ. ಇಬ್ಬರೂ ಪಂದಲಿನ ಕೆಳಗೆ ಬಗ್ಗಿ, ಒಂದೊಂದೇ ಬಳ್ಳಿ ನೋಡುತ್ತಾ ಒಳಗೆ ಹೋದೆವು.